ಕುರು, ಬಾವು, ಕೀವು: ಚರ್ಮದ ಸೋಂಕಿಗೆ ಸಕಾಲದ ಚಿಕಿತ್ಸೆ
(ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆರೆಯ ಹೂಳೆತ್ತುವಾಗ ಗುದ್ದಲಿ ತಗುಲಿದ ಕಾಲಿಗೆ ಕೂಲಿಕಾರನು ಮಣ್ಣನ್ನೇ ಮೆತ್ತಿಕೊಂಡು ಮರಳಿ ಕೆಲಸಕ್ಕಿಳಿಯುವುದು ಅಪರೂಪದ ದೃಶ್ಯವಲ್ಲ. ಮೂರನೆಯ ದಿನ ಕಾಲು ಕೆಂಪೇರಿ, ಬಿಸಿಯಾಗಿ ಊದಿಕೊಂಡಾಗ ಅದನ್ನು ನಂಜು ಎನ್ನುತ್ತಾರೆ. ಮಾತು ತಪ್ಪಲ್ಲ; ಆ ನಂಜಿಗೆ ಬಹುಮಟ್ಟಿಗೆ ಸ್ಟೆಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳು ಕಾರಣ.

ಚಿಕಿತ್ಸೆಯಲ್ಲಿ ಒಂದು ಭೇದವನ್ನು ಅರಿಯುವುದು ಮುಖ್ಯ. ಕೀವು ಗಂಟುಕಟ್ಟಿದ್ದರೆ ವೈದ್ಯರು ಕೊಯ್ದು ಅದನ್ನು ಹೊರತೆಗೆಯುವುದೇ ಪ್ರಧಾನ ಚಿಕಿತ್ಸೆ; ಕೀವಿನ ಗೂಡಿನೊಳಕ್ಕೆ ಮಾತ್ರೆಯ ಔಷಧವು ಸರಿಯಾಗಿ ತಲುಪದು. ಚಿಕ್ಕ ಕುರುವಿಗೆ ಬಿಸಿನೀರಿನ ಬಟ್ಟೆಯ ಶಾಖ ಸಾಕಾಗಬಹುದು. ಹಿಸುಕುವುದು, ಅದರಲ್ಲೂ ಮೂಗು ಮತ್ತು ಮೇಲ್ದುಟಿಯ ಬಳಿ, ಅಪಾಯಕರ. ಸುಣ್ಣ, ಹೊಗೆಸೊಪ್ಪು ಮೆತ್ತುವುದಂತೂ ಗಾಯದ ಮೇಲೆ ಬರೆಯೇ ಸರಿ.

ಕೀವಿಲ್ಲದೆ ಕೆಂಪು ಹರಡುತ್ತಿದ್ದರೆ ಆಂಟಿಬಯಾಟಿಕ್ ಬೇಕು. ಸೆಫಾಲೆಕ್ಸಿನ್‌ನಂತಹ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ, ಸರಳ ಸೋಂಕಿಗೆ ಸಾಮಾನ್ಯವಾಗಿ 5 ದಿನಗಳ ಚಿಕಿತ್ಸೆ ಸಾಕಾಗುತ್ತದೆ. ಗ್ಲೂಕೋಸ್ ಬಾಟಲಿ ಏರಿಸಿದರಷ್ಟೇ ಚಿಕಿತ್ಸೆಯೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಕಾಲನ್ನು ಎತ್ತರದಲ್ಲಿರಿಸಿ, ಕೆಂಪಿನ ಅಂಚನ್ನು ಪೆನ್ನಿನಿಂದ ಗುರುತಿಸಬೇಕು. ಎರಡು ಮೂರು ದಿನಗಳಾದರೂ ಇಳಿಯದೆ ಗೆರೆ ದಾಟಿ ಹರಡುತ್ತಿದ್ದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು. ಧನುರ್ವಾಯು ಲಸಿಕೆಯ ವಿಚಾರವನ್ನೂ ಆಗಲೇ ಕೇಳುವುದು ಲೇಸು.

1941ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ನೀಡಲಾಯಿತು. ಮುಖದಿಂದ ಹಬ್ಬಿದ್ದ ಸೋಂಕು ಇಳಿಯತೊಡಗಿತು. ಔಷಧದ ದಾಸ್ತಾನು ಮುಗಿಯಿತು. ಮೂತ್ರದಿಂದ ಅದನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಸಾಲದೆ, ಮಾರ್ಚ್ ತಿಂಗಳಲ್ಲಿ ಅವರು ಅಸುನೀಗಿದರು. ಇಂದು ಮಾತ್ರೆಗೆ ಅಂತಹ ಬರವಿಲ್ಲ. ಆದರೆ ಸಲಹೆಯಿಲ್ಲದೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವ ರೂಢಿಯಿಂದ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತಿವೆ.

ಜ್ವರ, ಚಳಿ, ಗಾಯಕ್ಕೆ ಮೀರಿದ ನೋವು, ಚರ್ಮ ಕಪ್ಪಾಗುವುದು, ಬೊಕ್ಕೆಯೇಳುವುದು, ಕಣ್ಣಿನ ಸುತ್ತ ಊತ — ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವನ್ನು ಸರಳವೆಂದು ಎಣಿಸಲೇಬಾರದು.

ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು. ಎಷ್ಟೋ ಕಡೆ ಅದು ಕಡತದಲ್ಲಿ ಮಾತ್ರ ಇರುತ್ತದೆ. ಸದಸ್ಯರು ಮುಂದಿನ ಭೇಟಿಯಲ್ಲಿ ಪೆಟ್ಟಿಗೆಯನ್ನು ತೆರೆಸಿ ನೋಡಲಿ. ಪಕ್ಕದಲ್ಲಿ ಸಾಬೂನು, ಶುದ್ಧ ನೀರು ಇವೆಯೇ ಎಂದು ಕೇಳಲಿ. ಕಸ ವಿಂಗಡಿಸುವ ಸಿಬ್ಬಂದಿಯ ಕೈಗವಸು ಹರಿದಿದ್ದರೆ ಅಂದೇ ಬದಲಿಸಲು ಸೂಚಿಸಲಿ.