ಹೊಸ ಮೀಟರು, ಹಳೆಯ ತಂತಿ

ಹುಬ್ಬಳ್ಳಿ–ಧಾರವಾಡಗಳ ನಡುವೆ ಓಡಾಡುವವರಿಗೆಲ್ಲ ಸತ್ತೂರ ಪರಿಚಿತ. 2003ರಲ್ಲಿ ಅಲ್ಲಿ ಎಸ್.ಡಿ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಆಸ್ಪತ್ರೆ ಇದ್ದಲ್ಲಿ ಲಸಿಕೆ, ಲಸಿಕೆ ಇದ್ದಲ್ಲಿ ರೆಫ್ರಿಜರೇಟರು. ಅದರ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣಮಾಪಕ ಹೆಚ್ಚು ತೋರಿಸಿದರೆ ನೋಡುವವರು ಇನ್ನೂ ತಂಪು ಮಾಡಿಯಾರು. ಹೆಪ್ಪುಗಟ್ಟಿದರೆ ಧನುರ್ವಾಯುವಿನ ಲಸಿಕೆ ಕೆಟ್ಟೇಹೋಗುತ್ತದೆ.

ಇಂಥ ಮಾಪಕಗಳನ್ನು ಒರೆಗೆ ಹಚ್ಚುವ ಪ್ರಯೋಗಾಲಯಕ್ಕೆ ಹೊಸ ಮೀಟರು ಬಂದಿದೆಯೆನ್ನಿ. 100 ಓಮಿನ ಪ್ಲಾಟಿನಂ ಉಷ್ಣಮಾಪಕವನ್ನು ಎರಡು ತಂತಿಗಳಿಂದ ಜೋಡಿಸಿ, ಕರಗುವ ಮಂಜುಗಡ್ಡೆಯಲ್ಲಿ ಇಟ್ಟಿದ್ದೀರಿ. ಸೊನ್ನೆ ಡಿಗ್ರಿಗೆ 100 ಓಮ್ ಬರಬೇಕು, ಮೀಟರು 100.4 ಎನ್ನುತ್ತದೆ. ಡಿಗ್ರಿಗೆ ಸುಮಾರು 0.39 ಓಮ್ ಏರುವುದರಿಂದ ಇದು ಒಂದು ಡಿಗ್ರಿಯ ತಪ್ಪು!

ಮೀಟರನ್ನು ಹಿಂದೆ ಕಳಿಸುವಿರಾ? ತಾಳಿರಿ. ಮಾಪಕವನ್ನು ಬಿಚ್ಚಿ, ತಂತಿಗಳ ತುದಿಗಳನ್ನು ಬಿಗಿಯಾಗಿ ಕೂಡಿಸಿ. ಆಗಲೂ 0.4 ಬಂದರೆ ತಪ್ಪು ತಂತಿಯದು. ನಾಲ್ಕು ತಂತಿಗಳಿಂದ ಜೋಡಿಸಿ: ಎರಡು ವಿದ್ಯುತ್ತನ್ನು ಒಯ್ಯಲಿ, ಇನ್ನೆರಡು ಮಾಪಕದ ತುದಿಗಳಲ್ಲಿಯ ವೋಲ್ಟೇಜನ್ನು ಮಾತ್ರ ಅಳೆಯಲಿ. ತಂತಿಯ ರೋಧ ಲೆಕ್ಕದಿಂದ ಹೊರಗಾಗುತ್ತದೆ.

ಅಷ್ಟರಿಂದಲೇ ಮೀಟರನ್ನು ನಂಬಬಾರದು. ಬೆಲೆ ಖಚಿತವಾಗಿ ತಿಳಿದ ರೋಧಕವೊಂದರೊಡನೆ ಹೋಲಿಸಿ, ಬಂದ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡಿ. ಆ ರೋಧಕವನ್ನು ಮತ್ತೊಂದರೊಡನೆ ಹೋಲಿಸಿರುತ್ತಾರೆ. ಹೀಗೆ ಸರಪಳಿ ಹೊಸದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. ನಡುವೆ ಒಂದು ಕೊಂಡಿ ಸಡಿಲಾದರೂ ಸತ್ತೂರದ ಅಂಕಿಗೆ ಬೆಲೆಯಿಲ್ಲ.

ನಿಮ್ಮ ರೇಡಿಯೋ ಕರಕರಗುಟ್ಟಿದಾಗಲೂ ಅಷ್ಟೆ: ಪೆಟ್ಟಿಗೆಯನ್ನು ಬಯ್ಯುವ ಮೊದಲು ತಂತಿಯನ್ನು ನೋಡಿರಿ.