ಮೂಲವ್ಯಾಧಿಯೆಂದು ಮುಚ್ಚಿಟ್ಟ ರೋಗ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತನ್ನಾಗಲಿ ಸಂತೆ ಸುಂಕದ ಮಾತನ್ನಾಗಲಿ ನಾವು ಇಂದು ಎತ್ತುವುದಿಲ್ಲ. ನಾಲ್ಕು ಜನರ ಮುಂದೆ ಹೇಳಲು ನಾಚುವ ಒಂದು ರೋಗದ ವಿಷಯ ಹೇಳುವುದಿದೆ. ಅದು ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರ್. ನಾವು ಡಾಕ್ಟರರಲ್ಲ; ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ತಜ್ಞರೇ ಹೇಳಬೇಕು. ಆದರೆ ತಜ್ಞರ ಬಾಗಿಲಿಗೆ ತಡವಾಗಿ ಹೋಗಿ ಸಾಯುತ್ತಿರುವವರು ನಮ್ಮವರೇ. ಆದುದರಿಂದ ತಿಳಿದಷ್ಟನ್ನು ಹೇಳುವುದು ಸಂಘದ ಕೆಲಸವೂ ಹೌದು.

ದೊಡ್ಡ ಕರುಳೆಂದರೆ ಸುಮಾರು ಐದು ಅಡಿ ಉದ್ದದ ಕೊಳವೆ. ಅದರ ಒಳಗೋಡೆಯಲ್ಲಿ ಅಣಬೆಯಂಥ ಸಣ್ಣ ಗಂಟುಗಳು ಏಳುವುದುಂಟು. ಹೆಚ್ಚಿನವು ಹಾಗೆಯೇ ಇದ್ದುಬಿಡುತ್ತವೆ. ಕೆಲವು ಮಾತ್ರ ಬೆಳೆದು, ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ತೆಗೆದುಕೊಂಡು, ಕ್ಯಾನ್ಸರ್ ಆಗುತ್ತವೆ. ಹತ್ತು ವರ್ಷ! ಯಾವ ಸಾಹುಕಾರನೂ ಇಷ್ಟು ವಾಯಿದೆ ಕೊಡುವುದಿಲ್ಲ. ಆ ಅವಧಿಯಲ್ಲಿ ದೀಪವುಳ್ಳ ಬಳುಕುವ ನಳಿಗೆಯನ್ನು ಒಳಗಿಳಿಸಿ ನೋಡಿ, ಗಂಟನ್ನು ಅಲ್ಲಿಯೇ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆದರೆ, ಅದು ಕ್ಯಾನ್ಸರ್ ಆಗುವ ಪ್ರಶ್ನೆಯೇ ಉಳಿಯದು. ಇದಕ್ಕೆ ಕೊಲೊನೊಸ್ಕೋಪಿ ಎನ್ನುತ್ತಾರೆ.

ನಮ್ಮಲ್ಲಿ ಆಗುವುದೇನು? ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾವೇ ತೀರ್ಪು ಕೊಟ್ಟುಕೊಳ್ಳುತ್ತೇವೆ. ಉಷ್ಣವಾಗಿದೆ ಎಂದು ಎರಡು ತಿಂಗಳು ಮಜ್ಜಿಗೆ. ಆಮೇಲೆ ಆಪರೇಷನ್ ಇಲ್ಲದೆ ಗುಣಪಡಿಸುತ್ತೇವೆಂದು ಗೋಡೆಯ ಮೇಲೆ ಬರೆಸಿದವನ ಬಳಿ ಆರು ತಿಂಗಳು. ರಕ್ತ ಬಂದವರಿಗೆಲ್ಲ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಬಹಳ ಮಂದಿಗೆ ಮೂಲವ್ಯಾಧಿಯೇ ಇರುತ್ತದೆ. ಆದರೆ ಒಳಗೆ ನೋಡದೆ ಅದನ್ನು ಹೇಳಬಲ್ಲವರು ಯಾರೂ ಇಲ್ಲ. ಗುದನಾಳದ ಕೆಳಭಾಗದ ಗಡ್ಡೆಯಾದರೆ ಡಾಕ್ಟರು ಕೈಗವಸು ಹಾಕಿ ಬೆರಳಿನಿಂದಲೇ ಮುಟ್ಟಿ ತಿಳಿಯಬಹುದು. ಒಂದು ನಿಮಿಷದ ಕೆಲಸ. ನೋಡದೆ ಮುಲಾಮು ಬರೆದುಕೊಟ್ಟರೆ "ಪರೀಕ್ಷೆ ಮಾಡಿ ಸ್ವಾಮಿ" ಎಂದು ಕೇಳಿರಿ. ವಾರಗಟ್ಟಲೆ ಹೊಟ್ಟೆಯ ರೂಢಿ ತಪ್ಪಿದರೆ, ಹೋಗಿ ಬಂದರೂ ಇನ್ನೂ ಇದೆ ಎನ್ನಿಸಿದರೆ, ಕಾರಣವಿಲ್ಲದೆ ರಕ್ತ ಕಡಿಮೆಯಾಗಿ ತೂಕ ಇಳಿದರೆ ಆಗಲೂ ತೋರಿಸಬೇಕು. ನಮ್ಮ ದೇಶದಲ್ಲಿ ಈ ರೋಗ ನಲವತ್ತರ ಒಳಗಿನವರಿಗೂ ಬರುತ್ತಿದೆ. ವಯಸ್ಸಾಗಿಲ್ಲವೆಂಬ ಧೈರ್ಯ ಬೇಡ.

ಈಗ ಚಿಕಿತ್ಸೆಯ ಮಾತು. ಗಡ್ಡೆ ಕರುಳಿನ ಗೋಡೆಯಲ್ಲೇ ಇದ್ದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೊಂದೇ ಸಾಕು. ಕೆಟ್ಟ ಭಾಗವನ್ನು ತೆಗೆದು ಎರಡು ತುದಿಗಳನ್ನು ಜೋಡಿಸುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಇಂಥವರಲ್ಲಿ ನೂರಕ್ಕೆ ಸುಮಾರು ೯೦ ಮಂದಿ ಐದು ವರ್ಷದ ಮೇಲೂ ಬದುಕಿರುತ್ತಾರೆ. ಪಕ್ಕದ ಗ್ರಂಥಿಗಳಿಗೆ ಹೋಗಿದ್ದರೆ ೭೦ಕ್ಕೆ ಸ್ವಲ್ಪ ಮೇಲೆ. ಲಿವರಿಗೋ ಶ್ವಾಸಕೋಶಕ್ಕೋ ಹರಡಿದ್ದರೆ ಸುಮಾರು ೧೫. ರೋಗ ಒಂದೇ, ದೇಶ ಒಂದೇ. ಬಂದ ಹೊತ್ತು ಮಾತ್ರ ಬೇರೆ.

ಗ್ರಂಥಿಗಳಿಗೆ ಹೋದ ಮೇಲೆ ಶಸ್ತ್ರಚಿಕಿತ್ಸೆಯ ಹಿಂದೆಯೇ ಔಷಧ ಬೇಕು. ೧೯೫೭ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ ಫ್ಲೋರೊಯುರಾಸಿಲ್ ಎಂಬುದೇ ಇಂದಿಗೂ ಇದರ ತಳಹದಿ. ಅದರ ಜಾತಿಯದೇ ಒಂದು ಔಷಧ ಮಾತ್ರೆಯಾಗಿಯೂ ಸಿಗುತ್ತದೆ. ೨೦೦೪ರಲ್ಲಿ ಆಕ್ಸಾಲಿಪ್ಲಾಟಿನ್ ಎಂಬುದನ್ನು ಜೊತೆ ಸೇರಿಸಿದರೆ ಮತ್ತಷ್ಟು ಗುಣವೆಂದು ಕಂಡಿತು. ಆದರೆ ಇದು ಕೈಕಾಲಿನ ಬೆರಳುಗಳನ್ನು ಜೋಮು ಹಿಡಿಸುತ್ತದೆ. ಕೆಲವರಿಗೆ ಅದು ವರ್ಷಗಟ್ಟಲೆ ಹೋಗುವುದಿಲ್ಲ. ಕುರ್ಚಿಯ ಮೇಲೆ ಕೂತು ಸಹಿ ಹಾಕುವವರಿಗೆ ಇದು ಒಂದು ತೊಂದರೆ ಅಷ್ಟೇ. ಕಡಿದ ನೂಲಿನ ಎಳೆಯನ್ನು ಬೆರಳ ತುದಿಯಿಂದ ಜೋಡಿಸುವವನಿಗೆ, ತಕ್ಕಡಿ ಹಿಡಿಯುವವನಿಗೆ, ಬೆರಳು ಹೋದರೆ ಅನ್ನವೇ ಹೋಯಿತು. ಆದುದರಿಂದ ೨೦೧೮ರಲ್ಲಿ ಬಂದ ಒಂದು ಸುದ್ದಿ ನಮಗೆ ದೊಡ್ಡದು. ಹಲವು ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿದಾಗ, ಗ್ರಂಥಿಗಳಿಗೆ ಸ್ವಲ್ಪ ಮಾತ್ರ ಹರಡಿದವರಿಗೆ ಆರು ತಿಂಗಳ ಬದಲು ಮೂರು ತಿಂಗಳ ಔಷಧವೇ ಹೆಚ್ಚುಕಡಿಮೆ ಸಾಕಾಗುತ್ತದೆಂದು ತಿಳಿಯಿತು. ಜೋಮೂ ಬಹಳ ಕಡಿಮೆ. ಎಲ್ಲರಿಗೂ ಇದು ಒಪ್ಪದು. ಆದರೆ "ನನಗೆ ಮೂರು ಸಾಕೇ, ಆರು ಬೇಕೇ? ನನ್ನ ಕಸುಬು ಇಂಥದು" ಎಂದು ಕೇಳದೆ ಬರಬೇಡಿ.

ಗುದನಾಳದ ಚಿಕಿತ್ಸೆ ಇನ್ನೂ ಬಿಕ್ಕಟ್ಟಿನದು. ೧೯೦೮ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ತೋರಿಸಿದ ಶಸ್ತ್ರಚಿಕಿತ್ಸೆಯಲ್ಲಿ ಗುದದ್ವಾರವನ್ನೇ ತೆಗೆದು ಹೊಟ್ಟೆಯ ಮೇಲೆ ದ್ವಾರ ಮಾಡುತ್ತಿದ್ದರು. ೧೯೮೨ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್, ಗುದನಾಳವನ್ನು ಸುತ್ತಲಿನ ಕೊಬ್ಬಿನ ಪೊರೆ ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯುವ ಕ್ರಮವನ್ನು ಬರೆದು ತಿಳಿಸಿದ ಮೇಲೆ, ಅದೇ ಜಾಗದಲ್ಲಿ ರೋಗ ಮರಳುವುದು ಬಹಳ ತಗ್ಗಿತು. ಮುಂದುವರಿದ ಗಡ್ಡೆಗೆ ಮೊದಲು ವಿಕಿರಣ ಕೊಟ್ಟು ಕುಗ್ಗಿಸುತ್ತಾರೆ. ಐದು ವಾರದ ಕ್ರಮವೂ ಇದೆ, ಐದು ದಿನದ ಕ್ರಮವೂ ಇದೆ. ಕೆಲವರಲ್ಲಿ ಗಡ್ಡೆ ಪೂರ್ತಿ ಕರಗಿಬಿಡುತ್ತದೆ. ಅಂಥವರನ್ನು ಕೊಯ್ಯದೆ ಎಚ್ಚರದಿಂದ ನೋಡಿಕೊಳ್ಳಬಹುದೆಂದು ಬ್ರೆಜಿಲಿನ ಡಾಕ್ಟರಮ್ಮ ಆಂಜೆಲಿಟಾ ಹಬರ್-ಗಾಮಾ ೨೦೦೪ರಲ್ಲಿ ಹೇಳಿದಾಗ ಹಲವರು ನಂಬಲಿಲ್ಲ. ಇಂದು ದೊಡ್ಡ ಆಸ್ಪತ್ರೆಗಳು ಅದನ್ನು ಅನುಸರಿಸುತ್ತಿವೆ.

ಹೊಟ್ಟೆಯ ಮೇಲಿನ ಚೀಲದ ಹೆಸರು ಕೇಳಿದೊಡನೆ "ಸತ್ತರೂ ಸರಿ, ಅದು ಬೇಡ" ಎಂದು ಎದ್ದು ಬರುವವರಿದ್ದಾರೆ. ಈ ಹಟ ಬಿಡಬೇಕು. ಬಹಳ ಜನರಿಗೆ ಚೀಲವೇ ಬೇಕಾಗುವುದಿಲ್ಲ. ಹಲವರಿಗೆ ಕೆಲವು ತಿಂಗಳು ಮಾತ್ರ. ಆಮೇಲೆ ದ್ವಾರವನ್ನು ಮುಚ್ಚುತ್ತಾರೆ. ಕಾಯಂ ಚೀಲ ಇರುವವರೂ ಬಸ್ಸು ಹತ್ತುತ್ತಾರೆ, ಅಂಗಡಿ ತೆರೆಯುತ್ತಾರೆ, ಅಂಗಿಯ ಒಳಗೆ ಇದ್ದದ್ದು ಪಕ್ಕದವನಿಗೆ ತಿಳಿಯುವುದೂ ಇಲ್ಲ. ನಿಜವಾದ ಕಷ್ಟ ಚೀಲದ ಖರ್ಚು. ಅದು ತಿಂಗಳು ತಿಂಗಳೂ ಬರುವ ಖರ್ಚು.

ಲಿವರಿಗೆ ಹರಡಿದವರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಅಲ್ಲಿನ ಗಂಟುಗಳನ್ನು ಪೂರ್ತಿ ಕೊಯ್ದು ತೆಗೆಯಲು ಸಾಧ್ಯವಾದರೆ ಅವರಲ್ಲಿ ಹಲವರು ಐದು ವರ್ಷ ದಾಟುತ್ತಾರೆ. ಸಾಧ್ಯವಾಗದವರಿಗೆ ಔಷಧದಿಂದ ಆಯುಸ್ಸು ಬೆಳೆಯುತ್ತದೆ, ನೋವು ತಗ್ಗುತ್ತದೆ. ಇನ್ನು ೨೦೨೨ರಲ್ಲಿ ನ್ಯೂಯಾರ್ಕಿನಿಂದ ಬಂದ ಸುದ್ದಿ ಪತ್ರಿಕೆಗಳಲ್ಲಿ ಓದಿರಬಹುದು: ಡೊಸ್ಟಾರ್ಲಿಮಾಬ್ ಎಂಬ ಔಷಧವೊಂದರಿಂದಲೇ ೧೨ ಮಂದಿಯ ಗುದನಾಳದ ಗಡ್ಡೆ ಕಾಣದಾಯಿತು. ಸುದ್ದಿ ನಿಜ. ಆದರೆ ಅದು ನೂರರಲ್ಲಿ ಹತ್ತಕ್ಕೂ ಕಡಿಮೆ ಮಂದಿಗೆ ಇರುವ ಒಂದು ವಿಶೇಷ ಬಗೆಯ ಗಡ್ಡೆಗೆ ಮಾತ್ರ. ಬೆಲೆಯೋ, ಗಿರಣಿಯ ಪಗಾರಕ್ಕೆ ಎಟುಕುವುದಲ್ಲ.

ಬೆಲೆಯೇ ಇಲ್ಲದ ಔಷಧವೂ ಒಂದುಂಟು. ೮೮೯ ರೋಗಿಗಳ ಮೇಲಿನ ಪರೀಕ್ಷೆಯೊಂದರ ಫಲ ೨೦೨೫ರಲ್ಲಿ ಹೊರಬಿತ್ತು. ಚಿಕಿತ್ಸೆ ಮುಗಿದ ಮೇಲೆ ಮಾರ್ಗದರ್ಶನದಲ್ಲಿ ಮೂರು ವರ್ಷ ಚುರುಕಾದ ನಡಿಗೆಯಂಥ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಕ್ಕೆ ನೂರಕ್ಕೆ ೯೦ ಮಂದಿ ಬದುಕಿದ್ದರು. ಬರೀ ಪುಸ್ತಕ ಪಡೆದವರಲ್ಲಿ ೮೩.

೨೦೧೮ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಜಗತ್ತಿನ ಲೆಕ್ಕವನ್ನು ನೋಡಿರಿ. ಈ ರೋಗದಿಂದ ಐದು ವರ್ಷ ದಾಟುವವರು ದಕ್ಷಿಣ ಕೊರಿಯಾದಲ್ಲಿ ನೂರಕ್ಕೆ ೭೦ಕ್ಕೂ ಹೆಚ್ಚು. ಭಾರತದ ನೋಂದಣಿ ಕೇಂದ್ರಗಳಲ್ಲಿ ೪೦ಕ್ಕೂ ಕಡಿಮೆ. ಕೊರಿಯಾದವರ ಕರುಳೇನೂ ಗಟ್ಟಿಯಲ್ಲ. ಅಲ್ಲಿ ೨೦೦೪ರಿಂದ ಐವತ್ತು ದಾಟಿದವರ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ಸರಕಾರವೇ ಪರೀಕ್ಷೆ ಮಾಡಿಸುತ್ತ ಬಂದಿದೆ. ನಮ್ಮ ಸರಕಾರ ೨೦೧೬ರಲ್ಲಿ ಹೊರಡಿಸಿದ ಕ್ಯಾನ್ಸರ್ ತಪಾಸಣೆಯ ಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ, ಕರುಳು ಇಲ್ಲ.

ಹಣದ ಮಾತು. ಇಎಸ್‌ಐ ಇರುವ ಕಾರ್ಮಿಕರು ತಿಳಿಯಬೇಕು: ಕ್ಯಾನ್ಸರಿನಂಥ ದೀರ್ಘ ರೋಗಕ್ಕೆ, ಎರಡು ವರ್ಷದ ಸತತ ನೌಕರಿ ಮುಂತಾದ ಷರತ್ತುಗಳ ಮೇಲೆ, ಕೂಲಿಯ ನೂರಕ್ಕೆ ೮೦ರಷ್ಟು ಎರಡು ವರ್ಷದವರೆಗೆ ಸಿಗುತ್ತದೆ. ಇದು ಮಾಲೀಕರ ದಾನವಲ್ಲ. ಆದರೆ ಗುತ್ತಿಗೆದಾರನು ಹೆಸರನ್ನೇ ಪಟ್ಟಿಗೆ ಹಾಕದಿದ್ದರೆ ಈ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ನಿಮ್ಮ ನಿಮ್ಮ ನಂಬರನ್ನು ಈ ವಾರವೇ ನೋಡಿಕೊಳ್ಳಿರಿ. ಅಂಗಡಿಯವರಿಗೆ ಆ ವಿಮೆಯೂ ಇಲ್ಲ. ಬಾಗಿಲು ಹಾಕಿದ ದಿನ ಗಳಿಕೆ ಇಲ್ಲ, ಉದ್ರಿಯೂ ವಸೂಲಾಗದು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಗೊತ್ತುಮಾಡಿದರು. ಎಪಿಎಲ್ ಆದವರಿಗೆ ಗೊತ್ತುಪಡಿಸಿದ ದರದ ನೂರಕ್ಕೆ ೩೦ ಮಾತ್ರ. ಸಣ್ಣ ಕಿರಾಣಿ ಅಂಗಡಿಯವನನ್ನು ಶ್ರೀಮಂತರ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಸಂಘದ ಕಚೇರಿಯಲ್ಲಿ ಒಂದು ಅರ್ಜಿ ಇಟ್ಟಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಲದ ರಕ್ತಪರೀಕ್ಷೆ, ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೆ ಗೊತ್ತಾದ ದಿನ ಕೊಲೊನೊಸ್ಕೋಪಿ, ಬೆಂಗಳೂರಿನ ಕಿದ್ವಾಯಿಗೆ ಹೋಗಿಬರುವ ರೋಗಿಗೂ ಜೊತೆಯವನಿಗೂ ಬಸ್ಸಿನ ಖರ್ಚು, ಚೀಲಗಳ ಉಚಿತ ಪೂರೈಕೆ, ಇವಿಷ್ಟನ್ನು ಅದರಲ್ಲಿ ಕೇಳಿದ್ದೇವೆ. ಎರಡನೆಯ ಪಾಳಿ ಮುಗಿಯುವ ಹೊತ್ತಿಗೂ ಕಚೇರಿ ತೆರೆದಿರುತ್ತದೆ. ಸಹಿಗೆ ಬರುವಾಗ ಮನೆಯ ಹೆಂಗಸರನ್ನೂ ಕರೆತನ್ನಿರಿ. ರಕ್ತ ಬೀಳುವುದನ್ನು ನಮಗಿಂತ ಹೆಚ್ಚು ಮುಚ್ಚಿಡುವವರು ಅವರೇ.