ಸಹಿ ಹಾಕುವ ಮೊದಲು



ಮೊನ್ನೆ ನಮ್ಮಲ್ಲಿಗೆ ಬಂದ ಹೆಣ್ಣುಮಗಳೊಬ್ಬಳು ಚೀಲದಿಂದ ಕಾಗದ ತೆಗೆದಳು. ಗಂಡನ ಕಡೆಯವರು ಬರೆಸಿ ತಂದ ಜಂಟಿ ವಿಚ್ಛೇದನ ಅರ್ಜಿ. "ಹೊಡೆತವಾದರೂ ತಪ್ಪುತ್ತದೆ, ಸಹಿ ಹಾಕಿಬಿಡಲೇ ಅಕ್ಕಾ?" ಎಂದಳು. ಓದಿದರೆ, ತನಗೂ ಮಗುವಿಗೂ ಜೀವನಾಂಶ ಬೇಡ, ಒಡವೆಯೆಲ್ಲ ವಾಪಸು ಬಂದಿದೆ ಎಂದಿತ್ತು. ಬಂದದ್ದು ಉಟ್ಟ ಸೀರೆಯೊಂದೇ!

ಹೊಡೆತ ತಪ್ಪಿಸಿಕೊಳ್ಳಲು ವಿಚ್ಛೇದನದವರೆಗೆ ಕಾಯಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ ಕೇಳಬಹುದು.

ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಇಬ್ಬರೂ ಒಪ್ಪಿ ಅರ್ಜಿ ಹಾಕಲು ಒಂದು ವರ್ಷ ಬೇರೆಯಾಗಿದ್ದಿರಬೇಕು. ಆಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಈ ಅವಧಿಯನ್ನು ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಆಗುವವರೆಗೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂದು 1991ರಲ್ಲೇ ತೀರ್ಪಾಗಿದೆ. ಇದನ್ನು ನಮಗೆ ಯಾರೂ ಹೇಳುವುದಿಲ್ಲ!

ಗಂಡ ಒಪ್ಪದಿದ್ದರೆ? ಕ್ರೌರ್ಯದ ಕಾರಣ ಕೊಟ್ಟು ನೀವೊಬ್ಬರೇ ಅರ್ಜಿ ಹಾಕಿ. ಅವನ ಊರಿಗೆ ಅಲೆಯಬೇಕಿಲ್ಲ. 2003ರ ತಿದ್ದುಪಡಿಯ ನಂತರ, ತವರಿನಲ್ಲಿದ್ದರೆ ತವರಿನ ವ್ಯಾಪ್ತಿಯ ಕೋರ್ಟೇ ಸಾಕು. ಕೇಸು ನಡೆಯುವಾಗಲೇ ಮಧ್ಯಂತರ ಜೀವನಾಂಶ, ಖರ್ಚು ಕೇಳಿ. ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಮಕ್ಕಳಿದ್ದರೆ ಅರ್ಜಿಯಲ್ಲಿ ಅವರ ವಯಸ್ಸು, ಶಾಲೆ, ಖರ್ಚು ಬರೆಸಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆನ್ನುತ್ತದೆ ಕಾನೂನು. ಮಗುವಿನ ಜೀವನಾಂಶ ಮಗುವಿನ ಹಕ್ಕು. ಅದನ್ನು ಬೇಡವೆಂದು ಬರೆದುಕೊಡಲು ತಾಯಿಗೂ ಅಧಿಕಾರವಿಲ್ಲ.

ಆಕೆ ಸಹಿ ಹಾಕಲಿಲ್ಲ. ಈಗ ಕೂತು ಒಡವೆಗಳ ಪಟ್ಟಿ ಬರೆಯುತ್ತಿದ್ದಾಳೆ. ತಂಗಿ ಮದುವೆಯ ಫೋಟೋಗಳನ್ನು ಹುಡುಕಿ ತಂದಿದ್ದಾಳೆ.